ನಿಂತುಹೋದ ನಿಶ್ಚಿತಾರ್ಥ, ನೆಟ್‌ನಲ್ಲಿ ಉಳಿದ ಫೋಟೊ

ನಿಶ್ಚಿತಾರ್ಥ ಆಗಿ ಮದುವೆ ನಿಂತುಹೋದ ಹುಡುಗಿಯರು, ಈಚೆಗೆ ಹುಡುಗರೂ, ಒಂದೇ ತರಹದ ಸಂಕಟ ಹೊತ್ತು ಸಲಹೆಗೆ ಬರುತ್ತಿದ್ದಾರೆ. ಸಂಬಂಧ ಮುರಿದ ನೋವು ಅಷ್ಟು ಹೊತ್ತಿಗೆ ತಕ್ಕಮಟ್ಟಿಗೆ ಇಳಿದಿರುತ್ತದೆ. ಫೋಟೊಗಳು ಮಾತ್ರ ಇದ್ದಲ್ಲೇ ಇರುತ್ತವೆ. ಅಂಥದೊಂದು ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ವಯಸ್ಸು, ಉದ್ಯೋಗ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಊರು, ಜಾತಿ, ಹೆಸರು ಯಾವುದೂ ಬೇಡ.

28 ವರ್ಷದ ಬ್ಯಾಂಕ್ ಉದ್ಯೋಗಿ. ಛತ್ರದಲ್ಲಿ ಅದ್ದೂರಿಯಾಗಿ ನಿಶ್ಚಿತಾರ್ಥ ಆಗಿತ್ತು. ಕೆಲವು ತಿಂಗಳ ಮೇಲೆ ಎರಡೂ ಮನೆಯ ಹಿರಿಯರು ಕೂತು ಮಾತಾಡಿ ನಿಲ್ಲಿಸಿದರು. ಆಮೇಲೆ ಬೇರೆ ಸಂಬಂಧ ನೋಡಿದರು. ಜಾತಕ ಕೂಡಿ, ಗಂಡಿನ ಕಡೆಯವರು ಬಂದು ನೋಡಿ ಹೋಗಿ, ಇನ್ನೇನು ಮಾತುಕತೆ ಅನ್ನುವಾಗ ಹುಡುಗನ ಅಕ್ಕನಿಗೆ ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ಸಿಕ್ಕಿತು. ಉಂಗುರ ತೊಡಿಸುವ ದೃಶ್ಯ, ಕೆಳಗೆ ಇಬ್ಬರ ಹೆಸರು ಬೆಸೆದು ಮಾಡಿದ ಹ್ಯಾಶ್‌ಟ್ಯಾಗ್. ಹಾಕಿದ್ದು ಫೋಟೊಗ್ರಾಫರ್, ತನ್ನ ಪ್ರಚಾರಕ್ಕೆ. "ಮುಚ್ಚಿಟ್ಟಿದ್ದು ಯಾಕೆ?" ಎಂದು ಫೋನ್ ಬಂತು. ಸಂಬಂಧ ಅಲ್ಲಿಗೆ ಮುಗಿಯಿತು.

ಅಂದಿನಿಂದ ಆಕೆ ರಾತ್ರಿ ಎಲ್ಲರೂ ಮಲಗಿದ ಮೇಲೆ ತನ್ನ ಹೆಸರನ್ನೇ ಹುಡುಕತೊಡಗಿದಳು. ನಿದ್ದೆ ಕೆಟ್ಟಿತು. ತಾಯಿಯೇ ಕರೆದುಕೊಂಡು ಬಂದರು. ಮೊದಲ ಭೇಟಿಯಲ್ಲಿ ಮಾತಾಡಿದ್ದೂ ಹೆಚ್ಚಾಗಿ ತಾಯಿಯೇ. ಎರಡನೆಯ ಭೇಟಿಯಲ್ಲಿ ಅವರು ನೇರವಾಗಿ ಕೇಳಿದರು: "ಎಲ್ಲಾ ಅಳಿಸಿಬಿಟ್ರೆ ಆಯ್ತಲ್ಲ ಮೇಡಂ. ಅವರು ಕೇಳದೇ ನಾವಾಗಿ ಯಾಕೆ ಹೇಳ್ಬೇಕು?"

ಮಗಳು ಅಷ್ಟು ಹೊತ್ತೂ ಫೋನ್ ಕವರಿನ ಅಂಚು ಕೀಳುತ್ತ ಕೂತಿದ್ದಳು. "ಅಮ್ಮಾ, ಅವ್ರಿಗೆ ಗೊತ್ತಾಗ್ಲಿ ಬಿಡು," ಅಂದಳು. "ನಾನು ಹೇಳೋಕೆ ಮುಂಚೆ ಗೊತ್ತಾಗುತ್ತಲ್ಲ, ಅದು ನಂಗೆ ಆಗಲ್ಲ. ಮನೇಲಿ ಕೂತು ಕಾಫಿ ಕುಡೀತಿರೋರು ಆ ರೀಲ್ ನೋಡ್ಕೊಂಡೇ ಬಂದಿದಾರೋ ಏನೋ ಅಂತ ಒಬ್ಬೊಬ್ಬರ ಮುಖಾನೂ ನೋಡ್ತಾ ಕೂತಿರ್ತೀನಿ."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಲಹೆಯೆಲ್ಲ ಈ ಮಾತಿನ ಮೇಲೇ ನಿಂತಿತು. ಆಕೆಗೆ ಬೇಕಾಗಿದ್ದದ್ದು ತನ್ನ ಬದುಕಿನ ಸಂಗತಿಯನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನುವ ಅಧಿಕಾರ. ಖಾಸಗಿತನ ಅಂದರೆ ನನ್ನ ಮಟ್ಟಿಗೆ ಅದೇ. ಹಾಗಾಗಿ ಎರಡು ಕೆಲಸ ಒಟ್ಟಿಗೆ ಆಗಬೇಕು ಅಂದೆ: ತೆಗೆಸಬಹುದಾದದ್ದನ್ನು ತೆಗೆಸುವುದು, ಹೇಳಬೇಕಾದದ್ದನ್ನು ತಾನೇ ಮೊದಲು ಹೇಳುವುದು.

ತೆಗೆಸುವ ಕೆಲಸ ಪಟ್ಟಿಯಿಂದ ಶುರುವಾಗಬೇಕು. ಬ್ರೌಸರಿನ ಇನ್‌ಕಾಗ್ನಿಟೊ (ಹಳೆಯ ಹುಡುಕಾಟದ ನೆನಪಿಲ್ಲದ) ಕಿಟಕಿಯಲ್ಲಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಇಂಗ್ಲಿಷಿನಲ್ಲಿ ಬರುವ ಬೇರೆಬೇರೆ ಸ್ಪೆಲ್ಲಿಂಗ್, ಕನ್ನಡ ಲಿಪಿ, ಹೆಸರಿನ ಜೊತೆ ಊರು, ಫೋನ್ ನಂಬರ್, ಆ ಹ್ಯಾಶ್‌ಟ್ಯಾಗ್, ಇಷ್ಟೂ ಆಗಬೇಕು. ಸಿಕ್ಕ ಪ್ರತಿಯೊಂದರ ಲಿಂಕ್, ಹಾಕಿದವರು ಯಾರು, ದಿನಾಂಕ ಬರೆದಿಟ್ಟುಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಇದ್ದರೆ ಸಾಲದು, ದೂರು ಕೊಡುವಾಗ ಲಿಂಕನ್ನೇ ಕೇಳುತ್ತಾರೆ. ಈಕೆಯ ಪಟ್ಟಿಯಲ್ಲಿ ಮನೆಯವರು ಮರೆತೇಬಿಟ್ಟಿದ್ದ ಎರಡು ಜಾಗ ಸಿಕ್ಕವು: ನಿಶ್ಚಿತಾರ್ಥದ ದಿನ ನೆಂಟರಿಗೆಂದು ಮಾಡಿದ್ದ ಯೂಟ್ಯೂಬ್ ಲೈವ್, ಮತ್ತು ಗೂಗಲ್ ಮ್ಯಾಪ್ಸ್‌ನಲ್ಲಿ ಸ್ಟುಡಿಯೊದ ಪುಟಕ್ಕೆ ಸೇರಿಸಿದ್ದ ಫೋಟೊ. ಆಲ್ಬಮ್ಮಿನ ಡ್ರೈವ್ ಲಿಂಕನ್ನೂ ನೋಡಿ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂದೇ ಅದನ್ನು ಬಿಟ್ಟಿರುವುದು ಸಾಮಾನ್ಯ.

ಮೊದಲು ಮೂಲದಲ್ಲಿ ತೆಗೆಸಬೇಕು. ಫೋಟೊಗ್ರಾಫರ್‌ಗೆ ಜಗಳವಾಡುವ ಫೋನ್ ಬೇಡ, ಬರಹದಲ್ಲಿ ಒಂದು ಮೆಸೇಜ್ ಸಾಕು: ಸಮಾರಂಭದ ದಿನಾಂಕ, ರಸೀದಿ ನಂಬರ್, ಎಲ್ಲ ಲಿಂಕ್‌ಗಳು, ಇಂಥ ದಿನದೊಳಗೆ ತೆಗೆಯಿರಿ ಎಂಬ ಕೋರಿಕೆ. ಹೆಚ್ಚಿನವರು ಇಷ್ಟಕ್ಕೇ ತೆಗೆಯುತ್ತಾರೆ. ತೆಗೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆ 1957ರ 17ನೇ ಕಲಂ ಇದೆ: ಹಣ ಕೊಟ್ಟು ತೆಗೆಸಿದ ಫೋಟೊ, ಚಿತ್ರೀಕರಣಗಳ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. "ಬೇರೆ ಒಪ್ಪಂದ" ಅನ್ನುವುದು ಸಣ್ಣ ಅಕ್ಷರದಲ್ಲಿ ಬುಕಿಂಗ್ ಫಾರಂನಲ್ಲೇ ಇರಬಹುದು, ಮೊದಲು ಅದನ್ನು ಓದಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಕೃತಿಸ್ವಾಮ್ಯದ ದೂರು ಹಣ ಕೊಟ್ಟು ತೆಗೆಸಿದವರಿಂದ ಹೋಗಬೇಕು, ಈ ಪ್ರಕರಣದಲ್ಲಿ ಅದು ತಂದೆ. ಯೂಟ್ಯೂಬ್‌ಗೆ ಖಾಸಗಿತನದ ದೂರು ಕೊಡಬೇಕಾದವರು ವಿಡಿಯೊದಲ್ಲಿ ಕಾಣುವವರೇ, ಅಂದರೆ ಮಗಳು. ಅಣ್ಣನೋ ಚಿಕ್ಕಪ್ಪನೋ ತಮ್ಮ ಅಕೌಂಟಿನಿಂದ ಕೊಟ್ಟದ್ದು ಬಿದ್ದುಹೋಗುತ್ತದೆ. ಟ್ಯಾಗ್ ತೆಗೆದರೆ ಹೆಸರಿನ ಕೊಂಡಿ ಕಳಚುತ್ತದೆ, ಫೋಟೊ ಹಾಗೇ ಇರುತ್ತದೆ. ಕಸಿನ್‌ಗಳೆಲ್ಲ ಸೇರಿ ರೀಲಿನ ಕೆಳಗೆ "ಡಿಲೀಟ್ ಮಾಡಿ" ಎಂದು ಕಾಮೆಂಟ್ ಹಾಕಿದರೆ ಅದು ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಮೂಲದಲ್ಲಿ ಹೋದ ಮೇಲೂ ಗೂಗಲ್ ಹುಡುಕಾಟದಲ್ಲಿ ಹಳೆಯ ಚಿತ್ರ ಕೆಲವು ಕಾಲ ಕಾಣಬಹುದು. ಹಳತಾದ ಫಲಿತಾಂಶ ತೆಗೆಸಲು ಗೂಗಲ್‌ನಲ್ಲೇ ಉಚಿತ ಫಾರಂ ಇದೆ. ಫೋನ್ ನಂಬರ್, ಮನೆ ವಿಳಾಸ ಕಾಣುವ ಪುಟಗಳಿಗೆ ಬೇರೆಯದೇ ಫಾರಂ ಇದೆ. ಇದನ್ನೇ ಸಾವಿರಗಟ್ಟಲೆ ಪಡೆದು ಮಾಡಿಕೊಡುತ್ತೇವೆ ಅನ್ನುವ ಏಜೆನ್ಸಿಗಳಿಗೆ ಹಣ ಕೊಡಬೇಡಿ. ಪಾಸ್‌ವರ್ಡನ್ನಂತೂ ಖಂಡಿತ ಕೊಡಬೇಡಿ.

ವಾಟ್ಸಾಪ್ ಬೇರೆ ಲೋಕ. ವಧುವರರ ಗುಂಪುಗಳಲ್ಲಿ ಓಡಾಡುವ ಬಯೋಡೇಟಾ ಪಿಡಿಎಫ್ ಒಬ್ಬರ ಫೋನಿಗೆ ಇಳಿದ ಮೇಲೆ ಹಿಂದಕ್ಕೆ ಬರುವುದಿಲ್ಲ. ಎಲ್ಲರಿಗೂ ಅಳಿಸುವ ಅವಕಾಶ ಇರುವುದು ಕಳಿಸಿ ಎರಡು ದಿನದ ಆಸುಪಾಸಿನವರೆಗೆ. ಬೇರೆಯವರು ಹಾಕಿದ್ದನ್ನು ಗುಂಪಿನ ಅಡ್ಮಿನ್ ಅಳಿಸಬಲ್ಲರು, ಆದ್ದರಿಂದ ತಡಮಾಡದೆ ಅವರನ್ನು ಕೇಳಿ. ಹೊಸ ಬಯೋಡೇಟಾದಲ್ಲಿ ಹುಡುಗಿಯ ನಂಬರ್, ಮನೆಯ ಪೂರ್ತಿ ವಿಳಾಸ, ಕೆಲಸದ ಬ್ರಾಂಚಿನ ಹೆಸರು ಇರಬಾರದು. ಹುಟ್ಟಿದ ತಾರೀಖು, ವೇಳೆ ಬೇಕೆಂದವರಿಗೆ ಬೇರೆಯಾಗಿ ಕಳಿಸಿದರಾಯಿತು.

"ಕೋರ್ಟಿಗೆ ಹೋದರೆ?" ಎಂದು ತಂದೆ ಕೇಳಿದ್ದರು. 2017ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ತಂದೆಯ ಮನವಿಯ ಮೇಲೆ, ನ್ಯಾಯಾಲಯದ ಆದೇಶದಲ್ಲಿದ್ದ ಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಹೇಳಿತು. ಆದರೆ ಹೈಕೋರ್ಟಿನ ಸ್ವಂತ ವೆಬ್‌ಸೈಟಿನಲ್ಲಿ, ದೃಢೀಕೃತ ನಕಲಿನಲ್ಲಿ ಹೆಸರು ಹಾಗೇ ಇರಲಿ ಅಂದಿತು. ಹೈಕೋರ್ಟ್ ಕೊಟ್ಟ ಪರಿಹಾರಕ್ಕೂ ಮಿತಿ ಇತ್ತು ಅಂದಮೇಲೆ, ನೆಂಟರ ಫೋನುಗಳನ್ನು ಖಾಲಿ ಮಾಡಿಸುವ ಆಸೆ ಇಟ್ಟುಕೊಳ್ಳಬಾರದು. ಹಳೆಯ ಹುಡುಗನೇ ಫೋಟೊ ಹಿಡಿದು ಬೆದರಿಸುತ್ತಿದ್ದರೆ ಮಾತೇ ಬೇರೆ. ಆಗ ಏನನ್ನೂ ಅಳಿಸದೆ, ಸಾಕ್ಷಿ ಇಟ್ಟುಕೊಂಡು ಸೈಬರ್ ಪೊಲೀಸರಲ್ಲಿಗೆ ಹೋಗಬೇಕು.

ಪೂರ್ತಿ ಅಳಿಯದು ಅನ್ನುವುದಕ್ಕೇ ಎರಡನೆಯ ಸಲಹೆ. ಬಯೋಡೇಟಾದಲ್ಲಿ ಬರೆಯುವುದು ಬೇಡ, ಬ್ರೋಕರ್ ಬಾಯಲ್ಲಂತೂ ಬೇಡವೇ ಬೇಡ. ಹುಡುಗನ ಜೊತೆ ಒಬ್ಬಳೇ ಮಾತಾಡುವ ಮೊದಲ ಅವಕಾಶದಲ್ಲಿ ಆಕೆಯೇ ಹೇಳಬೇಕು, ಅದೇ ದಿನ ತಂದೆತಾಯಿ ಅವರ ತಂದೆತಾಯಿಗೆ ಹೇಳಬೇಕು. ಮಾತನ್ನು ಕೂತು ಸಿದ್ಧಮಾಡಿದೆವು: "ನಂಗೆ ಹಿಂದೆ ಒಂದು ಎಂಗೇಜ್‌ಮೆಂಟ್ ಆಗಿತ್ತು. ಎರಡೂ ಮನೆಯವರು ಮಾತಾಡಿ ನಿಲ್ಲಿಸಿದ್ರು. ಫೋಟೊ ಕೆಲವು ಇನ್ನೂ ನೆಟ್‌ನಲ್ಲಿ ಸಿಗಬಹುದು." ಇಷ್ಟೇ. ಕಾರಣ ಕೇಳಿದರೆ, ತನ್ನ ಬಗ್ಗೆ ಎಷ್ಟು ಹೇಳಬೇಕೋ ಅಷ್ಟು. ಹಳೆಯ ಹುಡುಗನ ತಪ್ಪುಗಳ ಪಟ್ಟಿ ಬೇಡ, ಅವನಿಗೂ ಮುಂದೆ ಬದುಕಿದೆ.

ಈ ಸಲಹೆಯನ್ನು ಆಕ್ಷೇಪಿಸುವವರಿದ್ದಾರೆ. ತಪ್ಪೇ ಮಾಡದ ಹುಡುಗಿ ಯಾಕೆ ವಿವರಣೆ ಕೊಡಬೇಕು ಅನ್ನುತ್ತಾರೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಹುಡುಗರಿಗೆ ಅಷ್ಟು ಬಿಸಿಯಾಗಿ ಆ ಫೋನ್ ಬರುವುದಿಲ್ಲ ಅನ್ನುವುದೂ ನಿಜ. ಆದರೂ ಹುಡುಗರಿಗೂ ಇದನ್ನೇ ಹೇಳುತ್ತೇನೆ. ತಾನಾಗಿ ಹೇಳಿದ ದಿನವೇ ಸಂಬಂಧ ತಪ್ಪಿದರೆ ಒಂದು ಫೋನ್ ಕರೆಯ ನಷ್ಟ. ಮಾತುಕತೆ ಮುಗಿದ ಮೇಲೆ ಅವರಾಗಿ ಕಂಡುಕೊಂಡರೆ, ನಿಂತ ನಿಶ್ಚಿತಾರ್ಥದ ಜೊತೆಗೆ "ಮುಚ್ಚಿಟ್ಟವಳು" ಅನ್ನುವ ಹೆಸರೂ ಅಂಟುತ್ತದೆ.

ರಾತ್ರಿಯ ಹುಡುಕಾಟಕ್ಕೆ ಬದಲಾಗಿ ಗೂಗಲ್ ಅಲರ್ಟ್‌ನಲ್ಲಿ ಆಕೆಯ ಹೆಸರು ಹಾಕಿಸಿದೆ. ಹೊಸದೇನಾದರೂ ಗೂಗಲ್ ಕಣ್ಣಿಗೆ ಬಿದ್ದರೆ ಮೇಲ್ ಬರುತ್ತದೆ. ಇನ್‌ಸ್ಟಾಗ್ರಾಂ ಒಳಗಿನದೆಲ್ಲ ಅದಕ್ಕೆ ಸಿಗದು, ಅದನ್ನು ತಿಂಗಳಿಗೊಮ್ಮೆ, ಹಗಲಿನಲ್ಲಿ, ಅಮ್ಮನ ಜೊತೆ ಕೂತು ನೋಡಿದರೆ ಸಾಕು. ರೀಲ್ ಮತ್ತು ಲೈವ್ ಹೋದವು. ಹಳೆಯ ಹುಡುಗನ ನೆಂಟರೊಬ್ಬರ ಫೇಸ್‌ಬುಕ್ ಆಲ್ಬಮ್ ಹಾಗೇ ಇದೆ, ಅದು ಇದೆ ಎಂದು ಒಪ್ಪಿಕೊಂಡೇ ಆಕೆ ಮುಂದಿನ ಸಂಬಂಧದವರ ಜೊತೆ ಮಾತಾಡುತ್ತಿದ್ದಾಳೆ.

ಮನೆಯಲ್ಲಿ ನಿಶ್ಚಿತಾರ್ಥ ಗೊತ್ತಾಗಿರುವವರು ಮುಂಗಡ ಕೊಡುವಾಗಲೇ ಫೋಟೊಗ್ರಾಫರ್ ರಸೀದಿಯ ಮೇಲೆ ಒಂದು ಸಾಲು ಬರೆಸಿ, ಸಹಿ ಹಾಕಿಸಿಕೊಳ್ಳಿ: "ಮದುವೆ ಆಗುವವರೆಗೆ, ಆಮೇಲೂ ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ, ಫೋಟೊ ವಿಡಿಯೊ ಎಲ್ಲೂ ಹಾಕುವಂತಿಲ್ಲ." ಲೈವ್ ಬೇಕೇ ಬೇಕೆಂದರೆ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ) ಇಟ್ಟು, ಮಾರನೆಯ ದಿನ ಪ್ರೈವೇಟ್ ಮಾಡಿಸಿ.