ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಕೌಟ್ಸ್ ದಳದಲ್ಲಿ ದೇವರು, ಹಕ್ಕು ಮತ್ತು ಪೊಲೀಸ್ ಸರ್ಟಿಫಿಕೇಟು

ಶಾಲೆ ಶುರುವಾಗಿ ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಹೊತ್ತಿದು. ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಪೂಜೆ ಪುನಸ್ಕಾರ ಇಲ್ಲ, ದೇವರನ್ನು ನಂಬುವುದೂ ಇಲ್ಲ. ಏಳನೇ ಕ್ಲಾಸಿನ ಮಗಳು ಗೈಡ್ಸ್ ಸೇರಿದ್ದಾಳೆ. ಪ್ರತಿಜ್ಞೆಯಲ್ಲಿ ದೇವರ ಹೆಸರು ಹೇಳಲೇಬೇಕಂತೆ. ಹೇಳದಿದ್ದರೆ ತೆಗೆದುಹಾಕುತ್ತಾರಾ? (ಬೇಲೂರು)

ಉತ್ತರ: ದೇವರಿಗೆ ಮತ್ತು ದೇಶಕ್ಕೆ ಕರ್ತವ್ಯ ಸಲ್ಲಿಸುತ್ತೇನೆ, ಇತರರಿಗೆ ಸಹಾಯ ಮಾಡುತ್ತೇನೆ, ನಿಯಮ ಪಾಲಿಸುತ್ತೇನೆ ಎಂಬುದು ಪ್ರತಿಜ್ಞೆಯ ಸಾರ. ಬೇಕೆಂದವರು ‘ದೇವರು’ ಎನ್ನುವ ಜಾಗದಲ್ಲಿ ‘ಧರ್ಮ’ ಎಂದು ಹೇಳಬಹುದು ಅಂತ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ನಿಯಮಾವಳಿಯಲ್ಲೇ ಇದೆ. ಹಾಗಾಗಿ ನೀವು ಯಾರ ಹತ್ತಿರವೂ ರಿಯಾಯಿತಿ ಬೇಡಬೇಕಾಗಿಲ್ಲ, ಇರುವ ಅವಕಾಶವನ್ನು ಬಳಸಿಕೊಳ್ಳುತ್ತಿದ್ದೀರಿ ಅಷ್ಟೆ.

ಗೈಡ್ ಕ್ಯಾಪ್ಟನ್‌ಗೆ (ಗೈಡ್ಸ್ ದಳ ನಡೆಸುವವರಿಗೆ) ಇದನ್ನು ದೀಕ್ಷಾ ಸಮಾರಂಭಕ್ಕೆ ಒಂದು ವಾರ ಮುಂಚೆಯೇ ಹೇಳಿ. ಎಡವಟ್ಟಾಗುವುದು ಸಮಾರಂಭದ ದಿನವೇ. ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೈಕಿನಲ್ಲಿ ಒಬ್ಬರು ಹೇಳಿಕೊಡುತ್ತಾ, ಉಳಿದವರು ಕೂಗುತ್ತಾ ಹೋದರೆ ಬೇರೆ ಪದ ಹೇಳಬೇಕಾದ ಮಗು ನಡುವೆ ತಡವರಿಸುತ್ತದೆ. ಆಮೇಲೆ ಎಲ್ಲರೆದುರಿಗೆ ‘ಯಾಕಮ್ಮ, ಮರೆತುಹೋಯ್ತಾ?’ ಎಂಬ ಪ್ರಶ್ನೆ. ಒಬ್ಬೊಬ್ಬರಾಗಿ ಅಥವಾ ಪೆಟ್ರೋಲ್ (ದಳದೊಳಗಿನ ಚಿಕ್ಕ ಗುಂಪು) ಪ್ರಕಾರ ಆರೆಂಟು ಮಕ್ಕಳಿಗೆ ಪ್ರತಿಜ್ಞೆ ಕೊಡಿಸಿ ಎಂದು ಕೇಳಿ. ದೀಕ್ಷೆ ಇರಬೇಕಾದದ್ದೇ ಹಾಗೆ.

‘ಧರ್ಮ’ ಎಂಬುದೂ ಒಪ್ಪಿಗೆಯಾಗದಿದ್ದರೆ ನಮ್ಮ ನಿಯಮಾವಳಿಯಲ್ಲಿ ಮೂರನೆಯ ದಾರಿ ಇಲ್ಲ. ಬ್ರಿಟನ್ನಿನ ಸ್ಕೌಟ್ ಸಂಸ್ಥೆ 2014ರಿಂದ ನಂಬಿಕೆ ಇಲ್ಲದವರಿಗಾಗಿ ಬೇರೊಂದು ಪ್ರತಿಜ್ಞೆಯನ್ನೇ ಇಟ್ಟಿದೆ. ಇಲ್ಲಿ ಅದು ಬಂದಿಲ್ಲ. ಅಂಥ ಸಂದರ್ಭದಲ್ಲಿ ದೀಕ್ಷೆಯನ್ನು ಮುಂದಕ್ಕೆ ಹಾಕಲು ಕೇಳಿ. ಮನಸ್ಸಿಗೆ ಬಾರದ್ದನ್ನು ಬಾಯಿಪಾಠ ಒಪ್ಪಿಸುವುದಕ್ಕಿಂತ ಕಾಯುವುದು ವಾಸಿ.

ಪ್ರಶ್ನೆ: ಅನುದಾನಿತ ಶಾಲೆ. ಸ್ಕೌಟ್ಸ್ ತರಗತಿ ದಿನ ಪ್ರಾರ್ಥನಾ ಗೀತೆ, ಸರ್ವಧರ್ಮ ಪ್ರಾರ್ಥನೆ ಎರಡೂ ಕಡ್ಡಾಯ. ನಮ್ಮ ನಂಬಿಕೆಯಲ್ಲಿ ಬೇರೆ ಪ್ರಾರ್ಥನೆ ಹೇಳುವಂತಿಲ್ಲ. ಮಗ ಸುಮ್ಮನೆ ನಿಂತಿದ್ದಕ್ಕೆ ಶಿಸ್ತಿಲ್ಲ ಎಂದು ಬೈದರು. (ಅರಸೀಕೆರೆ)

ಉತ್ತರ: ಸುಮ್ಮನೆ ಗೌರವದಿಂದ ನಿಂತಿದ್ದರೆ ಅದು ಅಶಿಸ್ತಲ್ಲ. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಓದಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಓದುವವರನ್ನು ಅವರ ಒಪ್ಪಿಗೆ ಇಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೋ ಆರಾಧನೆಗೋ ಸೇರಿಸುವಂತಿಲ್ಲ. ದಳ ನಡೆಯುವುದು ಶಾಲೆಯ ಆವರಣದಲ್ಲಿ, ಶಾಲೆಯ ಶಿಕ್ಷಕರ ಕೈಯಲ್ಲಿ. ‘ಇದು ಸ್ಕೌಟ್ಸ್, ಶಾಲೆಯಲ್ಲ’ ಎಂಬ ಮಾತು ನಿಲ್ಲುವುದು ಕಷ್ಟ.

ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟ್ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಆ ಮಕ್ಕಳ ಪರ ತೀರ್ಪು ಕೊಟ್ಟಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಾದರೆ ಪ್ರಾರ್ಥನಾ ಗೀತೆಯ ಮಾತೇನು?

ಜಗಳಕ್ಕೆ ಹೋಗಬೇಡಿ. ಮುಖ್ಯೋಪಾಧ್ಯಾಯರ ಹೆಸರಿಗೆ ನಾಲ್ಕೇ ಸಾಲಿನ ಪತ್ರ ಕೊಡಿ: ಮಗನ ಹೆಸರು ಮತ್ತು ತರಗತಿ, ಪ್ರಾರ್ಥನೆ ಹೇಳಲು ನಮ್ಮ ಒಪ್ಪಿಗೆ ಇಲ್ಲ, ಆ ಹೊತ್ತಿನಲ್ಲಿ ಅವನು ಸಾಲಿನಲ್ಲೇ ಮೌನವಾಗಿ ನಿಲ್ಲುತ್ತಾನೆ, ಧ್ವಜವಂದನೆ ಮತ್ತು ಉಳಿದ ಎಲ್ಲ ಚಟುವಟಿಕೆಗೆ ಬರುತ್ತಾನೆ. ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮಗನಿಗೂ ಹೇಳಿ: ಬೇರೆಯವರು ಹಾಡುವಾಗ ಪಕ್ಕದವನ ಸ್ಕಾರ್ಫ್ ಎಳೆಯುವಂತಿಲ್ಲ.

ಪ್ರಶ್ನೆ: ಹಾಸನಾಂಬ ದರ್ಶನದ ಸಮಯದಲ್ಲಿ ನಮ್ಮ ದಳದ ಮಕ್ಕಳನ್ನು ಸೇವೆಗೆ ಕಳಿಸಿ ಎಂದು ಕೇಳುತ್ತಾರೆ. ದಳದಲ್ಲಿ ಮುಸ್ಲಿಂ, ಕ್ರೈಸ್ತ ಮಕ್ಕಳೂ ಇದ್ದಾರೆ. ಕಳಿಸಬಹುದೇ? (ಹಾಸನ)

ಉತ್ತರ: ಕಳಿಸಬಹುದು, ಸೇವೆ ಮತ್ತು ಪೂಜೆ ಎರಡರ ನಡುವಿನ ಗೆರೆ ಅಳಿಸಿಹೋಗದಂತೆ ನೋಡಿಕೊಂಡರೆ. ಸರತಿ ಸಾಲಿನಲ್ಲಿ ನೀರು ಕೊಡುವುದು, ವಯಸ್ಸಾದವರನ್ನು ಕೈಹಿಡಿದು ಕರೆತರುವುದು, ತಪ್ಪಿಸಿಕೊಂಡ ಮಗುವನ್ನು ಪೊಲೀಸ್ ಕೌಂಟರಿಗೆ ಮುಟ್ಟಿಸುವುದು ಸೇವೆ. ಆರತಿ ತಟ್ಟೆ ಹಿಡಿಯುವುದು, ಪ್ರಸಾದ ಹಂಚುವುದು, ಹುಂಡಿ ಹತ್ತಿರ ನಿಲ್ಲುವುದು ದಳದ ಕೆಲಸವಲ್ಲ. ಹಿಂದೂ ಮಕ್ಕಳಿಗೂ ಅದನ್ನು ಹಚ್ಚಬೇಡಿ. ‘ಬರದಿದ್ದರೂ ಪರವಾಗಿಲ್ಲ’ ಎಂದು ಬಾಯಲ್ಲಿ ಹೇಳಿ ಹಾಜರಿ ಪುಸ್ತಕದಲ್ಲಿ ಗೈರು ಗುರುತು ಹಾಕುವ ಕೆಟ್ಟ ಚಾಳಿ ಕೆಲವು ಕಡೆ ಇದೆ. ಅದು ಬೇಡ. ಆ ದಿನ ಬೇರೆ ಸೇವೆ ಆರಿಸಿಕೊಂಡ ಮಗುವಿಗೂ ಅಷ್ಟೇ ಲೆಕ್ಕ ಬರೆಯಿರಿ. ಮಸೀದಿ, ಚರ್ಚು ಕರೆದರೂ ಇದೇ ಅಳತೆ.

ಧರ್ಮಕ್ಕಿಂತ ನಮಗೆ ಹೆಚ್ಚು ಚಿಂತೆ ಹೊತ್ತಿನದು. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆರೆದರೆ ಬಲಿಪಾಡ್ಯಮಿಯ ತನಕ ಜನ ರಾತ್ರಿಯೂ ಬರುತ್ತಲೇ ಇರುತ್ತಾರೆ. ಮಕ್ಕಳ ಪಾಳಿ ಮೂರು ಗಂಟೆ ಮೀರದಿರಲಿ, ಕತ್ತಲಾಗುವ ಮುಂಚೆ ಮುಗಿಯಲಿ. ಇಬ್ಬಿಬ್ಬರಾಗಿ ನಿಲ್ಲಿಸಿ, ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಕಣ್ಣಳತೆಯಲ್ಲಿರಲಿ. ಹಗ್ಗ ಹಿಡಿದು ಜನ ತಡೆಯುವ ಕೆಲಸ ಪೊಲೀಸರದು. ನೂಕುನುಗ್ಗಲು ಆದಾಗ ಹದಿಮೂರು ವರ್ಷದ ಹುಡುಗ ಬ್ಯಾರಿಕೇಡಿಗೆ ಒತ್ತಿಕೊಂಡು ನಿಲ್ಲುತ್ತಾನೆ.

ಪ್ರಶ್ನೆ: ಜೈನರು. ಮಗಳು ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ, ಗೆಡ್ಡೆ ಗೆಣಸು ತಿನ್ನುವುದಿಲ್ಲ. ಡಿಸೆಂಬರ್ ಶಿಬಿರಕ್ಕೆ ಕಳಿಸಲು ಹಿಂಜರಿಕೆ. (ಶ್ರವಣಬೆಳಗೊಳ)

ಉತ್ತರ: ಡಿಸೆಂಬರಿನಲ್ಲಿ ನಮ್ಮ ಕಡೆ ಸಂಜೆ ಆರರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಶಿಬಿರದ ರಾತ್ರಿಯೂಟ ಎಂಟಕ್ಕೆ. ಸಮಸ್ಯೆ ಇಷ್ಟೇ, ಪರಿಹಾರವೂ ಅಡುಗೆಮನೆಯಲ್ಲೇ ಇದೆ. ಐದೂವರೆಗೆ ಅನ್ನ, ಸಾರು, ಪಲ್ಯ ತಯಾರಿರಬೇಕೆಂದರೆ ಅಡುಗೆಯವರು ನಾಲ್ಕಕ್ಕೆ ಒಲೆ ಹಚ್ಚಬೇಕು. ಈ ಮಾತು ಶಿಬಿರದ ವೇಳಾಪಟ್ಟಿ ಬರೆಯುವಾಗಲೇ ಆಗಬೇಕು. ತೊಗರಿಬೇಳೆ ಬೇಯಿಸಿ, ಹುಣಸೆಹುಳಿ, ಸಾರಿನ ಪುಡಿ ಹಾಕಿ ಕುದಿಸಿ, ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆಗೆ ಮೊದಲೇ ಮಗುವಿನ ಪಾಲನ್ನು ಮುಚ್ಚಳವಿರುವ ಡಬರಿಗೆ ತೆಗೆದಿಟ್ಟರೆ ಬೇರೆ ಅಡುಗೆಯೇ ಬೇಡ. ಆಲೂಗಡ್ಡೆ, ಕ್ಯಾರೆಟ್, ಬೀಟ್ರೂಟ್, ಮೂಲಂಗಿ ಬಿಟ್ಟು ಹುರುಳಿಕಾಯಿ, ಕೋಸು, ಸೀಮೆಬದನೆ ತರಿಸಲು ಹೇಳಿ. ಸೌಟು ಅದಲುಬದಲಾಗುವುದೇ ಸಾಮಾನ್ಯ ತಪ್ಪು, ಆ ಡಬರಿಗೆ ಬೇರೆ ಸೌಟು ಕಟ್ಟಿಡಲಿ. ಶಿಬಿರಾಗ್ನಿ ಮುಗಿಯುವ ಹೊತ್ತಿಗೆ ಹಸಿವಾದರೆ ಏನು ಮಾಡಬೇಕೆಂದು ಮಗಳನ್ನೇ ಕೇಳಿ ಬರೆದು ಕಳಿಸಿ. ಕ್ಯಾಪ್ಟನ್ ಊಹಿಸುವುದು ಬೇಡ.

ಪ್ರಶ್ನೆ: ಕಾಫಿ ಎಸ್ಟೇಟ್ ಮಕ್ಕಳೇ ಹೆಚ್ಚಿರುವ ಶಾಲೆ. ಊರಿನ ಯುವಕರೊಬ್ಬರು ಸಂಬಳವಿಲ್ಲದೆ ಸ್ಕೌಟ್ಸ್ ನಡೆಸಿಕೊಡುತ್ತೇನೆ ಎಂದು ಬಂದಿದ್ದಾರೆ. ಬೇರೆ ಧರ್ಮದವರು ಎಂದು ಕೆಲವು ಪೋಷಕರು ತಕರಾರು ತೆಗೆದಿದ್ದಾರೆ. ಅವರ ಹಿನ್ನೆಲೆ ಪರಿಶೀಲಿಸುವುದು ಹೇಗೆ? — ಮುಖ್ಯೋಪಾಧ್ಯಾಯರು (ಮೂಡಿಗೆರೆ)

ಉತ್ತರ: ಸರ್, ನೀವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಪತ್ರದಲ್ಲಿ ಬರೆದಿದ್ದೀರಿ. ಧರ್ಮ ನೋಡಿ ಬೇಡವೆನ್ನುವುದು ಪರಿಶೀಲನೆಯಲ್ಲ. ಹುಟ್ಟು, ಜಾತಿ, ಮತ ನೋಡದೆ ಎಲ್ಲರಿಗೂ ತೆರೆದಿರುವ ಸಂಸ್ಥೆ ಇದು. ಎಲ್ಲರಿಗೂ ಗೆಳೆಯ ಎಂಬುದು ದಳದ ಒಂಬತ್ತು ನಿಯಮಗಳಲ್ಲೇ ಒಂದು. ತಕರಾರು ತೆಗೆದವರಿಗೆ ಹೀಗೆ ಹೇಳಿ: ಇವರಿಗೂ, ನಿಮ್ಮದೇ ಜಾತಿಯ ಇನ್ನೊಬ್ಬರು ಬಂದರೆ ಅವರಿಗೂ, ನಮ್ಮ ಪಿ.ಟಿ. ಮೇಷ್ಟ್ರಿಗೂ ಒಂದೇ ಫಾರಂ, ಒಂದೇ ತಪಾಸಣೆ. ಒಬ್ಬರಿಗೆ ಮಾತ್ರ ಹೆಚ್ಚು ಕಾಗದ ಕೇಳಿದರೆ ಅದು ತಾರತಮ್ಯ. ‘ನಮ್ಮ ಹುಡುಗನೇ’ ಎಂದು ಒಬ್ಬರಿಗೆ ಬಿಟ್ಟುಕೊಟ್ಟರೆ ಅಪಾಯ ಅಲ್ಲೇ ಇದೆ. ಮಕ್ಕಳಿಗೆ ತೊಂದರೆ ಕೊಡುವವರು ಬಹುಪಾಲು ಮಕ್ಕಳಿಗೆ ಪರಿಚಯದವರೇ ಆಗಿರುತ್ತಾರೆ. ಮಗುವಿನ ನಂಬಿಕೆಯನ್ನು ಪರೀಕ್ಷೆ ಮಾಡುವುದರಲ್ಲಿ ನಮ್ಮ ಶಾಲೆಗಳಿಗೆ ಇರುವ ಹುರುಪು ದೊಡ್ಡವರನ್ನು ಪರೀಕ್ಷಿಸುವಾಗ ಕಾಣುವುದಿಲ್ಲ.

ಮೊದಲು ಲಿಖಿತ ಅರ್ಜಿ ತೆಗೆದುಕೊಳ್ಳಿ. ಹತ್ತು ವರ್ಷದಲ್ಲಿ ಎಲ್ಲೆಲ್ಲಿ ವಾಸವಿದ್ದರು, ಎಲ್ಲಿ ಕೆಲಸ ಮಾಡಿದರು, ಮಕ್ಕಳ ಜೊತೆ ಏನು ಒಡನಾಟವಿತ್ತು, ಪೊಲೀಸ್ ಪ್ರಕರಣ ಇದೆಯೇ, ಎಲ್ಲ ಅದರಲ್ಲಿರಲಿ. ನಡುವೆ ಎರಡು ವರ್ಷ ಖಾಲಿ ಇದ್ದರೆ ಕೇಳಿ. ಖಾಲಿ ಇರುವುದು ತಪ್ಪಲ್ಲ, ಉತ್ತರ ದಿನಕ್ಕೊಂದು ಬಗೆಯಾದರೆ ಅನುಮಾನಿಸಿ.

ಆಮೇಲೆ ಪರಿಚಯಸ್ಥರು. ಇಬ್ಬರ ಹೆಸರು ಕೇಳಿ, ಒಬ್ಬರು ಇವರನ್ನು ಮಕ್ಕಳ ನಡುವೆ ಕೆಲಸ ಮಾಡುವಾಗ ನೋಡಿದವರಾಗಿರಲಿ. ಸಂಬಂಧಿಕರು ಬೇಡ. ಅವರು ಬರೆದುಕೊಟ್ಟ ಕಾಗದ ಓದಿ ಸುಮ್ಮನಾಗಬೇಡಿ, ನೀವೇ ಫೋನ್ ಮಾಡಿ. ‘ಒಳ್ಳೆಯವರಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ನಿಮ್ಮ ಮಗನನ್ನು ಇವರ ಜೊತೆ ಮೂರು ರಾತ್ರಿಯ ಶಿಬಿರಕ್ಕೆ ಕಳಿಸುತ್ತೀರಾ?’ ಎಂದು ಕೇಳಿ. ಆಚೆ ಕಡೆ ಒಂದು ಕ್ಷಣ ತಡವಾದರೆ ಅದನ್ನೂ ಡೈರಿಯಲ್ಲಿ ಬರೆದುಕೊಳ್ಳಿ.

ಪೊಲೀಸ್ ವೆರಿಫಿಕೇಷನ್ ಸರ್ಟಿಫಿಕೇಟಿಗೆ ಅವರೇ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಗುರುತಿನ ಮತ್ತು ವಿಳಾಸದ ದಾಖಲೆ ಬೇಕು. ಅರ್ಜಿ ಸ್ಥಳೀಯ ಠಾಣೆಗೆ ಹೋಗುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿಯ ನಿಯಮಗಳು, 2020ರ ಮೂರನೇ ನಿಯಮದಂತೆ ಮಕ್ಕಳೊಂದಿಗೆ ನಿತ್ಯ ಸಂಪರ್ಕವಿರುವ ಸಂಸ್ಥೆ ತನ್ನ ಸಿಬ್ಬಂದಿ, ಕಾಯಂ ಇರಲಿ ಗುತ್ತಿಗೆ ಇರಲಿ, ಎಲ್ಲರ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸುತ್ತಿರಬೇಕು. ‘ಇವರು ಸಿಬ್ಬಂದಿಯಲ್ಲ, ಸ್ವಯಂಸೇವಕರು’ ಎಂದು ನುಣುಚಿಕೊಳ್ಳಬೇಡಿ. ಟೆಂಟಿನಲ್ಲಿ ಮಲಗಿದ ಮಗುವಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಮೂರು ವರ್ಷಕ್ಕೊಮ್ಮೆ ಹೊಸ ಸರ್ಟಿಫಿಕೇಟು ಕೇಳಿ ಎಂಬುದು ನಮ್ಮ ಸಲಹೆ.

ಅದರ ಮಿತಿಯೂ ಗೊತ್ತಿರಲಿ. ದೂರು ದಾಖಲಾಗಿದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ. ಹಿಂದಿನ ಊರಿನಲ್ಲಿ ಆಡಳಿತ ಮಂಡಳಿ ‘ಸುಮ್ಮನೆ ಬಿಟ್ಟು ಹೋಗು’ ಎಂದು ಕಳಿಸಿದ್ದರೆ ಸರ್ಟಿಫಿಕೇಟು ಶುದ್ಧವಾಗಿಯೇ ಬರುತ್ತದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆ, ಆದರೆ ಅದು ಪೊಲೀಸರಿಗೆ ಮಾತ್ರ. ನೀವೇ ಹುಡುಕಲು ಆಗದು. ಅದಕ್ಕೇ ಫೋನ್ ಕರೆ ಮುಖ್ಯ.

ಎಲ್ಲ ಸರಿಯಾದ ಮೇಲೆ ಸ್ಕೌಟ್ಸ್ ಜಿಲ್ಲಾ ಸಂಸ್ಥೆಯ ಮೂಲಕ ಬೇಸಿಕ್ ಕೋರ್ಸಿಗೆ ಕಳಿಸಿ, ವಾರಂಟ್ (ದಳ ನಡೆಸಲು ಸಂಸ್ಥೆ ಕೊಡುವ ಅಧಿಕಾರ ಪತ್ರ) ಆಗುವ ತನಕ ಒಂಟಿಯಾಗಿ ದಳ ಒಪ್ಪಿಸಬೇಡಿ. ಮೊದಲ ಆರು ತಿಂಗಳು ನಿಮ್ಮ ಶಿಕ್ಷಕರೊಬ್ಬರು ಜೊತೆಗಿರಲಿ.

ತಪಾಸಣೆ ಎಷ್ಟೇ ಬಿಗಿಯಾಗಿದ್ದರೂ ದಿನನಿತ್ಯದ ಕಟ್ಟುಪಾಡು ಇಲ್ಲದಿದ್ದರೆ ಪ್ರಯೋಜನವಿಲ್ಲ. ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು, ಈ ಮೂರೂ ಒಟ್ಟಿಗೆ ಆಗಲೇಬಾರದು. ಪ್ರವಾಸಕ್ಕೆ, ಶಿಬಿರಕ್ಕೆ ಇಬ್ಬರು ದೊಡ್ಡವರು, ಹುಡುಗಿಯರಿದ್ದರೆ ಒಬ್ಬರಾದರೂ ಮಹಿಳೆ. ದೊಡ್ಡವರ ಟೆಂಟು ಬೇರೆ. ಮಕ್ಕಳಿಗೆ ಖಾಸಗಿ ವಾಟ್ಸಾಪ್ ಸಂದೇಶ ಬೇಡ, ಪೋಷಕರಿರುವ ಗುಂಪಿನಲ್ಲೇ ಹಾಕಲಿ. ಬೈಕಿನಲ್ಲಿ ಮನೆಗೆ ಬಿಡುವುದು ಎಸ್ಟೇಟ್ ಕಡೆ ಮಾಮೂಲಿ, ಬಸ್ಸು ತಪ್ಪಿದರೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ತರಗತಿಯನ್ನು ಬಸ್ಸಿನ ಹೊತ್ತಿಗೆ ಅರ್ಧ ಗಂಟೆ ಮುಂಚೆ ಮುಗಿಸಿ.

ಪ್ರಶ್ನೆ: ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಹೆಸರನ್ನೇ ಬದಲಿಸಿಕೊಂಡಿತಂತೆ, ದಿವಾಳಿಯೂ ಆಯಿತಂತೆ. ನಿಜವೇ? (ಕಡೂರು)

ಉತ್ತರ: ನಿಜ, ಆದರೆ ಎರಡೂ ಬೇರೆ ಸಂಗತಿ. ಲೈಂಗಿಕ ಕಿರುಕುಳದ ಮೊಕದ್ದಮೆಗಳ ಭಾರಕ್ಕೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. 82,000ಕ್ಕೂ ಹೆಚ್ಚು ಮಂದಿ ಪರಿಹಾರ ಕೇಳಿದರು. ಹುಡುಗಿಯರನ್ನೂ ಸೇರಿಸಿಕೊಂಡ ಮೇಲೆ 2025ರ ಫೆಬ್ರವರಿಯಿಂದ ‘ಸ್ಕೌಟಿಂಗ್ ಅಮೆರಿಕ’ ಎಂಬ ಹೆಸರು. ಅನುಮಾನಾಸ್ಪದ ನಾಯಕರ ಕಡತಗಳನ್ನು ಆ ಸಂಸ್ಥೆ ದಶಕಗಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತು. 2012ರಲ್ಲಿ ನ್ಯಾಯಾಲಯದ ಆದೇಶದಂತೆ ಸಾವಿರಾರು ಪುಟ ಹೊರಬಂದವು. ಗೊತ್ತಿದ್ದೂ ಪೊಲೀಸರಿಗೆ ಹೇಳದ ಪ್ರಕರಣಗಳು ಅವುಗಳಲ್ಲಿದ್ದವು.

ಪ್ರಶ್ನೆ: ಶಿಬಿರದಲ್ಲಿ ಒಬ್ಬ ಹುಡುಗಿ ನನ್ನ ಹತ್ತಿರ ಒಂದು ವಿಷಯ ಹೇಳಿಕೊಂಡಳು. ಸ್ಕೌಟರ್ (ಸ್ಕೌಟ್ಸ್ ದಳ ನಡೆಸುವವರು) ಒಬ್ಬರ ಮೇಲಿನ ದೂರು. ‘ಮೊದಲು ನಾವೇ ವಿಚಾರಣೆ ಮಾಡೋಣ, ಶಾಲೆಯ ಮರ್ಯಾದೆ’ ಅಂತಾರೆ ಮೇಲಿನವರು. — ಗೈಡ್ ಕ್ಯಾಪ್ಟನ್ (ಚಿಕ್ಕಮಗಳೂರು)

ಉತ್ತರ: ಮೇಡಂ, ಮೇಲಿನವರ ಒಪ್ಪಿಗೆಗೆ ಕಾಯಬೇಡಿ. ಪೋಕ್ಸೊ ಕಾಯ್ದೆ, 2012ರ 19ನೇ ಕಲಂ ಪ್ರಕಾರ ಇಂಥ ಅಪರಾಧ ಆಗಿದೆಯೆಂದು ತಿಳಿದವರು, ಆಗಬಹುದೆಂದು ಆತಂಕವಿರುವವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 21ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಉಳಿದವರು ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕ್ರಮವಿಲ್ಲ.

ಹುಡುಗಿ ಹೇಳಿದ್ದನ್ನು ಅವಳ ಮಾತಿನಲ್ಲೇ, ದಿನ ಮತ್ತು ಹೊತ್ತಿನ ಸಮೇತ ಬರೆದಿಡಿ. ‘ನಿಜವಾಗಲೂ ಹಾಗಾಯ್ತಾ?’ ಎಂದು ನಾಲ್ಕು ಜನ ನಾಲ್ಕು ಸಲ ಕೇಳಿಸಬೇಡಿ, ಹೇಳಿಕೆ ಕೆಡುವುದೇ ಅಲ್ಲಿ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡಬೇಡಿ, ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ ಎನ್ನಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಆ ಸ್ಕೌಟರ್ ಅಂದಿನಿಂದಲೇ ಯಾವ ಮಗುವಿನ ಹತ್ತಿರವೂ ಇರದಂತೆ ಆಗಬೇಕು, ತಪ್ಪಿತಸ್ಥರೋ ಅಲ್ಲವೋ ತನಿಖೆ ಹೇಳುತ್ತದೆ. ಹುಡುಗಿಯನ್ನು ಶಿಬಿರದಿಂದ ಕಳಿಸಿ ಅವರನ್ನು ಉಳಿಸಿಕೊಳ್ಳುವುದು ತಲೆಕೆಳಗಾದ ನ್ಯಾಯ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಪಡೆಯಬೇಕೆಂದು ಕಾನೂನಿದೆ. ಠಾಣೆಯಲ್ಲಿ ಬೆಂಚಿನ ಮೇಲೆ ಕೂರಿಸಿದರೆ ಅದನ್ನು ನೆನಪಿಸಿ. ಅವಳ ಹೆಸರು, ಫೋಟೋ, ಶಾಲೆ, ಮನೆಯ ಗುರುತು ಯಾವ ಗುಂಪಿಗೂ ಹೋಗಬಾರದು.

ಪ್ರಶ್ನೆ: ಶಿಬಿರದ ಅಡುಗೆಯವರಿಗೆ, ಬಸ್ ಡ್ರೈವರಿಗೆ ಕೂಡ ಇಷ್ಟೆಲ್ಲ ತಪಾಸಣೆ ಬೇಕಾ? (ಸಕಲೇಶಪುರ)

ಉತ್ತರ: ಶಾಲೆಯ ಕಾಯಂ ಡ್ರೈವರ್, ಅಡುಗೆಯವರಿಗೆ ಬೇಕು. ಒಂದು ದಿನಕ್ಕೆ ಬಾಡಿಗೆಗೆ ಬಂದವರ ಗುರುತಿನ ಚೀಟಿ ಮತ್ತು ಲೈಸೆನ್ಸಿನ ನಕಲು ಇಟ್ಟುಕೊಳ್ಳಿ, ಮಕ್ಕಳ ಮಲಗುವ ಜಾಗಕ್ಕೆ ಅವರು ಹೋಗದಂತೆ ನೋಡಿಕೊಳ್ಳಿ. ಬಸ್ಸಿನಲ್ಲಿ ಒಬ್ಬ ದೊಡ್ಡವರು ಕೊನೆಯ ಸೀಟಿನಲ್ಲಿ ಕೂತಿರಲಿ.