ಚೀನಾದ ಕೈಯಲ್ಲಿ ನೂರು ವರ್ಷದ ನೀಲನಕ್ಷೆ ಇದೆಯೇ?

ಪ್ರಶ್ನೆ: ಚೀನಾದ ವಿದೇಶಾಂಗ ನೀತಿ 1949ರಿಂದಲೂ ನೂರು ವರ್ಷಗಳ ಒಂದು ಗುಪ್ತ ಯೋಜನೆಯ ಪ್ರಕಾರವೇ ನಡೆಯುತ್ತಿದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಮಾತು ಬದಲಿಸಿಕೊಂಡು ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ವಾಟ್ಸ್‌ಆ್ಯಪ್‌ ಸಂದೇಶಗಳೂ, ದಾಖಲೆಯ ಒಂದು ಹಾಳೆಯನ್ನೂ ತಿರುವಿ ನೋಡದೆ ಟಿ.ವಿ.ಯಲ್ಲಿ ಅಬ್ಬರಿಸುವ ಸ್ವಯಂಘೋಷಿತ ತಜ್ಞರೂ ಇದನ್ನು ಹಬ್ಬಿಸಿದ್ದಾರೆ.

1949ರ ಜೂನ್‌ನಲ್ಲಿ ಮಾವೋ, ಚೀನಾ ಸೋವಿಯತ್ ಪಾಳಯದ ಕಡೆಗೇ ವಾಲುತ್ತದೆ ಎಂದು ಬರೆದರು. 1950ರ ಫೆಬ್ರುವರಿಯಲ್ಲಿ ಮಾಸ್ಕೋದೊಂದಿಗೆ ಮೈತ್ರಿ ಒಪ್ಪಂದವಾಯಿತು. ಅದರ ಅವಧಿ 30 ವರ್ಷ. ಹತ್ತೇ ವರ್ಷಕ್ಕೆ, 1960ರಲ್ಲಿ, ಸೋವಿಯತ್ ನಾಯಕ ಕ್ರುಶ್ಚೇವ್ ತಮ್ಮ ತಂತ್ರಜ್ಞರನ್ನೆಲ್ಲ ಚೀನಾದಿಂದ ವಾಪಸು ಕರೆಸಿಕೊಂಡರು. 1969ರ ಮಾರ್ಚ್‌ನಲ್ಲಿ ಗಡಿಯ ಉಸ್ಸೂರಿ ನದಿಯ ಜೆನ್‌ಬಾವೋ ದ್ವೀಪದಲ್ಲಿ ಎರಡೂ ದೇಶಗಳ ಸೈನಿಕರು ಪರಸ್ಪರ ಗುಂಡು ಹಾರಿಸಿಕೊಂಡು ಸತ್ತರು. ಮೂವತ್ತು ವರ್ಷದ ಮೈತ್ರಿಯನ್ನೇ ಉಳಿಸಿಕೊಳ್ಳಲಾಗದ ನಾಯಕತ್ವದ ಬಳಿ ನೂರು ವರ್ಷದ ನಕ್ಷೆ ಇತ್ತೆಂದು ನಾನು ಹೇಗೆ ನಂಬಲಿ?

ಮುಂದಿನ ತಿರುವು ಇನ್ನೂ ಸ್ಪಷ್ಟವಾದ ಸಾಕ್ಷಿ. ಜಗತ್ತಿನ ಪರಿಸ್ಥಿತಿಯನ್ನು ಅಧ್ಯಯನ ಮಾಡುವಂತೆ ಮಾವೋ ಅದೇ ವರ್ಷ ವಿದೇಶಾಂಗ ಸಚಿವ ಚೆನ್ ಯಿ ಸೇರಿದಂತೆ ನಾಲ್ವರು ಮಾರ್ಷಲ್‌ಗಳಿಗೆ ಸೂಚಿಸಿದರು. ಅಮೆರಿಕಕ್ಕಿಂತ ಸೋವಿಯತ್ ಒಕ್ಕೂಟವೇ ಹೆಚ್ಚಿನ ಅಪಾಯವೆಂದು ಅವರು ವರದಿ ಕೊಟ್ಟರು; ಅಮೆರಿಕದೊಂದಿಗೆ ಮಾತುಕತೆ ಪುನರಾರಂಭಿಸಬೇಕೆಂಬ ಸಲಹೆಯನ್ನೂ ಚೆನ್ ಯಿ ಮುಂದಿಟ್ಟರು. ಮುಂದೆ 1971ರ ಏಪ್ರಿಲ್‌ನಲ್ಲಿ, ಜಪಾನಿನ ನಗೋಯಾದಲ್ಲಿ ವಿಶ್ವ ಟೇಬಲ್ ಟೆನಿಸ್ ಪಂದ್ಯಾವಳಿ ನಡೆಯುತ್ತಿದ್ದಾಗ, ಗ್ಲೆನ್ ಕೋವನ್ ಎಂಬ ಅಮೆರಿಕದ ಆಟಗಾರ ಚೀನಾ ತಂಡದ ಬಸ್ಸು ಹತ್ತಿದ. ಎಲ್ಲರೂ ಸುಮ್ಮನೆ ಕುಳಿತಿದ್ದಾಗ ಮಾಜಿ ವಿಶ್ವ ಚಾಂಪಿಯನ್ ಜುವಾಂಗ್ ಜೆಡಾಂಗ್ ಎದ್ದು ಬಂದು, ಹುವಾಂಗ್‌ಷಾನ್ ಬೆಟ್ಟಗಳ ಚಿತ್ರವಿದ್ದ ರೇಷ್ಮೆ ವಸ್ತ್ರವೊಂದನ್ನು ಅವನಿಗೆ ಉಡುಗೊರೆ ಕೊಟ್ಟರು. ಆದರೂ ಅಮೆರಿಕ ತಂಡವನ್ನು ಆಹ್ವಾನಿಸುವುದು ಬೇಡವೆಂಬ ಅಧಿಕಾರಿಗಳ ಶಿಫಾರಸಿಗೆ ಮಾವೋ ಒಪ್ಪಿಗೆ ಕೊಟ್ಟಾಗಿತ್ತು. ಅವರ ಶುಶ್ರೂಷಕಿಯ ನೆನಪಿನ ಪ್ರಕಾರ, ಆ ರಾತ್ರಿ ನಿದ್ರೆ ಮಾತ್ರೆ ನುಂಗಿದ ಮೇಲೆ ಅವರು ಮನಸ್ಸು ಬದಲಿಸಿ, ಆಹ್ವಾನ ಕಳುಹಿಸಲು ಹೇಳಿದರು. ಮಾತ್ರೆ ತೆಗೆದುಕೊಂಡ ಮೇಲೆ ತಾವು ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅವರೇ ಹಿಂದೆ ಆಜ್ಞಾಪಿಸಿದ್ದರಿಂದ, ಆಕೆ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕಾಯಿತು. ಜುಲೈನಲ್ಲಿ ಅಮೆರಿಕ ಅಧ್ಯಕ್ಷರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬಂದರು. 1972ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಅವರೇ ಬಂದರು.

ಮಾವೋ ನಂತರವೂ ನೀತಿ ಹೊರಳುತ್ತಲೇ ಹೋಯಿತು. ಡೆಂಗ್ ಷಿಯಾವೋಪಿಂಗ್ 1979ರ ಜನವರಿಯಲ್ಲಿ ಅಮೆರಿಕದೊಂದಿಗೆ ರಾಜತಾಂತ್ರಿಕ ಸಂಬಂಧ ಸ್ಥಾಪಿಸಿದರು. ಮರುತಿಂಗಳೇ, ಒಂದು ಕಾಲದಲ್ಲಿ ಚೀನಾ ಅಕ್ಕಿ, ಬಂದೂಕು ಕೊಟ್ಟು ಬೆಂಬಲಿಸಿದ್ದ ವಿಯೆಟ್ನಾಂ ಮೇಲೆ ಸೈನ್ಯ ನುಗ್ಗಿಸಿದರು. ಆಗ ಚೀನಾದಲ್ಲಿದ್ದ ನಮ್ಮ ವಿದೇಶಾಂಗ ಸಚಿವ ವಾಜಪೇಯಿ ಪ್ರವಾಸ ಮೊಟಕುಗೊಳಿಸಿ ಹಿಂತಿರುಗಿದರು. 1989ರ ತಿಯಾನನ್‌ಮೆನ್ ಹತ್ಯಾಕಾಂಡದ ನಂತರ ಪಶ್ಚಿಮದ ನಿರ್ಬಂಧಗಳು ಬಂದಾಗ ತಲೆತಗ್ಗಿಸಿ ಆರ್ಥಿಕತೆ ಬೆಳೆಸುವುದೇ ನೀತಿಯಾಯಿತು. 2012ರಲ್ಲಿ ಪಕ್ಷದ ಚುಕ್ಕಾಣಿ ಹಿಡಿದ ಷಿ ಜಿನ್‌ಪಿಂಗ್ ಆ ಸಂಯಮವನ್ನು ಕೈಬಿಟ್ಟರು. ರಕ್ತ ಹರಿದ ಜೆನ್‌ಬಾವೋ 1991ರ ಗಡಿ ಒಪ್ಪಂದದಲ್ಲಿ ಚೀನಾಕ್ಕೆ ಸೇರಿತು. ಅದೇ ರಷ್ಯಾದೊಂದಿಗಿನ ಸ್ನೇಹಕ್ಕೆ ಮಿತಿಯೇ ಇಲ್ಲವೆಂದು 2022ರ ಫೆಬ್ರುವರಿಯ ಜಂಟಿ ಹೇಳಿಕೆ ಸಾರಿತು.

ಪಕ್ಷದ ಆಡಳಿತ ಉಳಿಯಬೇಕು, ತೈವಾನ್ ಕೈತಪ್ಪಬಾರದು, ಸುತ್ತಲೂ ಶತ್ರುಗಳ ಬೇಲಿ ಬೀಳಬಾರದು ಎಂಬ ಮೂರು ಚಿಂತೆಗಳು ಮಾತ್ರ ಬದಲಾಗಿಲ್ಲ. ಆಯಾ ಹೊತ್ತಿಗೆ ಯಾರ ಭಯ ಹೆಚ್ಚೋ ಅದಕ್ಕೆ ತಕ್ಕಂತೆ ಮಿತ್ರರು ಬದಲಾಗಿದ್ದಾರೆ. ಆದ್ದರಿಂದ ಬೀಜಿಂಗ್‌ನ ಯಾವುದೇ ನಡೆಯ ಬಗ್ಗೆ ಓದುವಾಗ, ಆ ದಿನಾಂಕದಂದು ಅದು ಯಾರಿಗೆ ಹೆದರಿತ್ತು ಎಂದು ಮೊದಲು ಕೇಳಿ.

ಪ್ರಶ್ನೆ: 1954ರ ಪಂಚಶೀಲ ಗಡಿ ಒಪ್ಪಂದವನ್ನು ಚೀನಾ 1962ರಲ್ಲಿ ಮುರಿಯಿತಲ್ಲವೇ?

ಉತ್ತರ: 1962ರ ದಾಳಿ ಆ ಐದು ತತ್ತ್ವಗಳ ಉಲ್ಲಂಘನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಗಡಿ ಒಪ್ಪಂದವೇ ಅಲ್ಲ. ಟಿಬೆಟ್‌ನೊಂದಿಗಿನ ವ್ಯಾಪಾರ, ತೀರ್ಥಯಾತ್ರೆಗಳ ಒಪ್ಪಂದ ಅದು. ಐದು ತತ್ತ್ವಗಳು ಇರುವುದು ಅದರ ಪೀಠಿಕೆಯಲ್ಲಿ. ಶಿಪ್ಕಿ ಲಾ, ಮಾನಾ, ನೀತಿ, ಲಿಪುಲೇಖ್ ಮೊದಲಾದ ಆರು ಕಣಿವೆದಾರಿಗಳ ಹೆಸರಿದೆ. ಗಡಿರೇಖೆಯ ವಿವರಣೆ ಎಲ್ಲಿಯೂ ಇಲ್ಲ. ಎಂಟು ವರ್ಷದ ಅವಧಿ ಮುಗಿದು 1962ರ ಜೂನ್‌ನಲ್ಲೇ, ಅಂದರೆ ಯುದ್ಧಕ್ಕೆ ಮುಂಚೆಯೇ, ಅದು ಕೊನೆಗೊಂಡಿತ್ತು. ಕೆಲವೇ ಪುಟಗಳ ದಾಖಲೆ, ದಯವಿಟ್ಟು ಓದಿ.

ಪ್ರಶ್ನೆ: ಫ್ರೆಂಚ್ ಕ್ರಾಂತಿಯ ಪರಿಣಾಮ ಹೇಳಲು ಇನ್ನೂ ಕಾಲ ಪಕ್ವವಾಗಿಲ್ಲ ಎಂದು ಮಾವೋ ಕಾಲದ ಚೀನಾ ಪ್ರಧಾನಿ ಚೌ ಎನ್ ಲಾಯ್ ಹೇಳಿದ್ದು ಅವರ ದೂರದೃಷ್ಟಿಯಲ್ಲವೇ?

ಉತ್ತರ: ಅಲ್ಲ, ಅವರು 1968ರ ಪ್ಯಾರಿಸ್ ಗಲಭೆಯ ಬಗ್ಗೆ ಮಾತನಾಡುತ್ತಿದ್ದರೆಂದು 1972ರ ನಿಕ್ಸನ್ ಭೇಟಿಯಲ್ಲಿ ದುಭಾಷಿಯಾಗಿದ್ದ ಅಮೆರಿಕದ ರಾಜತಾಂತ್ರಿಕ ಚಾಸ್ ಫ್ರೀಮನ್ 2011ರಲ್ಲೇ ಸ್ಪಷ್ಟಪಡಿಸಿದ್ದಾರೆ.

ಪ್ರಶ್ನೆ: ಸಾಲ ತೀರಿಸಲಾಗದ್ದಕ್ಕೆ ಶ್ರೀಲಂಕಾದ ಹಂಬನ್‌ತೋಟ ಬಂದರನ್ನು ಚೀನಾ ಜಪ್ತಿ ಮಾಡಿಕೊಂಡಿತೇ?

ಉತ್ತರ: ಜಪ್ತಿ ಎಂಬ ಪದ ತಪ್ಪು. 2017ರಲ್ಲಿ 112 ಕೋಟಿ ಡಾಲರ್‌ಗೆ ಬಂದರನ್ನು 99 ವರ್ಷ ಗುತ್ತಿಗೆ ಕೊಡಲಾಯಿತು. ಬಂದರಿನ ಸಾಲ ಅದರಿಂದ ರದ್ದಾಗಲಿಲ್ಲ. ಹಾಗೆಂದು ನಾನು ನಿಶ್ಚಿಂತನಾಗಿಲ್ಲ: 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಭಾರತದ ಆಕ್ಷೇಪದ ನಡುವೆಯೂ ಅಲ್ಲಿಯೇ ಲಂಗರು ಹಾಕಿತು.

ಪ್ರಶ್ನೆ: ಈ ವರ್ಷ ಚೀನಾ ಜೊತೆ ಯುದ್ಧವಾಗುತ್ತದೆಯೇ? ಜ್ಯೋತಿಷಿಯೊಬ್ಬರು ತಿಂಗಳನ್ನೂ ಹೇಳಿದ್ದಾರೆ.

ಉತ್ತರ: ಗಲ್ವಾನ್‌ನಲ್ಲಿ 2020ರ ಜೂನ್ 15ರ ರಾತ್ರಿ ನಮ್ಮ 20 ಯೋಧರು ಪ್ರಾಣ ತೆತ್ತರು. ಅಂಥ ವಿಷಯದಲ್ಲಿ ಗ್ರಹಗತಿ ಹೇಳಿ ಹಣ ಮಾಡುವವರ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.