ಮಗಳು ಹಳೆ ತೀರ್ಪು ಓದಿದರೆ ಯಾರಿಗೆ ಲಾಭ?

ರಾಣೆಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಾಳೆ. ಬಡವರ ಕೇಸುಗಳಿಗೆ ಉಚಿತ ಸಂಶೋಧನೆ ಅಂತ ರಜೆಯಲ್ಲೂ ಹಳೆ ತೀರ್ಪು ಓದುತ್ತಾ ಕೂತಿರುತ್ತಾಳೆ. ದುಡ್ಡಿಲ್ಲ, ಕೋರ್ಟಿನಲ್ಲಿ ವಾದ ಮಾಡೋ ಹಾಗೂ ಇಲ್ಲ. ಇದು ಪುಕ್ಕಟೆ ದುಡಿಮೆ ಅಲ್ವಾ?’

ಸರ್, ವಾದ ಮಾಡುವ ಹಕ್ಕು ಸನ್ನದು ಪಡೆದ ವಕೀಲರಿಗೆ ಮಾತ್ರ, ನಿಜ. ಆದರೆ ವಕೀಲರು ಎದ್ದು ನಿಲ್ಲುವ ಮೊದಲು ಯಾರೋ ಕೂತು ಕಾಗದಪತ್ರ ಓದಿರಬೇಕು. ಬಡವರ ಕೇಸು ಸೋಲೋದು ಹೆಚ್ಚಾಗಿ ಅಲ್ಲೇ.

ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕನೊಬ್ಬ ಸತ್ತ ಅಂದುಕೊಳ್ಳಿ. ಗುತ್ತಿಗೆದಾರ ಮನೆಯವರಿಗೆ ಒಂದಿಷ್ಟು ದುಡ್ಡು ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. 1993ರಿಂದ ಹೀಗೆ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಳೇ ಸಾವು, ಹಾಗಾಗಿ 10 ಲಕ್ಷ ಅಷ್ಟೇ ಅಂತ ಆಫೀಸಿನಲ್ಲಿ ಯಾರಾದರೂ ಹೇಳಿದರೆ ಮನೆಯವರು ನಂಬಿಬಿಡುತ್ತಾರೆ. ತೀರ್ಪನ್ನು ಪೂರ್ತಿ ಓದಿದವರಿಗೆ ಮಾತ್ರ ಕಾಣುವ ಒಂದು ಸಾಲು ಅದರಲ್ಲಿದೆ: ಮೊದಲಿನ ಪರಿಹಾರ ಸಿಗದೇ ಉಳಿದವರಿಗೂ ಈ ಹೊಸ ಮೊತ್ತವೇ ಸಲ್ಲಬೇಕು. ಆ ಒಂದು ಸಾಲಿಗೆ 20 ಲಕ್ಷದ ವ್ಯತ್ಯಾಸ! ಆಮೇಲೆ ಎಫ್‌ಐಆರ್‌ನಲ್ಲಿ ‘ಕಾಲು ಜಾರಿ ಬಿದ್ದು’ ಅಂತ ಬರೆದಿದ್ದಾರಾ, ಮರಣೋತ್ತರ ಪರೀಕ್ಷೆಯ ವರದಿ ಏನು ಹೇಳುತ್ತದೆ, ಆ ಕೆಲಸಕ್ಕೆ ಆದೇಶ ಕೊಟ್ಟವರು ಯಾರು, ಇವನ್ನೆಲ್ಲ ಒಂದಕ್ಕೊಂದು ತಾಳೆ ಹಾಕಬೇಕು. ಆದೇಶದ ಪ್ರತಿ ಬೇಕಂದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನ ಕಾಯಬೇಕು. ದಿನಕ್ಕೆ ಹತ್ತಾರು ಕೇಸು ನೋಡುವ ವಕೀಲರಿಗೆ ಇಷ್ಟು ಪುರಸೊತ್ತು ಎಲ್ಲಿ?

ನಮ್ಮ ಹಾನಗಲ್ ಕಡೆಯ ಕುಸನೂರಿನಲ್ಲಿ 1987ರಲ್ಲಿ ಜನ, ಊರ ಜಮೀನಿನಲ್ಲಿ ಕಂಪನಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತರು. ಆ ಕಿತ್ತಿಕೋ–ಹಚ್ಚಿಕೋ ಚಳವಳಿ ಈಗಲೂ ಜನರ ಬಾಯಲ್ಲಿದೆ. ಊರ ಜಮೀನು ಕಂಪನಿಗೆ ಕೊಟ್ಟದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಯೂ ಹೋಗಿತ್ತು ಅನ್ನೋದನ್ನು ಮಾತ್ರ ಸುಮಾರು ಜನ ಮರೆತಿದ್ದಾರೆ. ಬೀದಿಯಲ್ಲಿ ನಿಂತವರಷ್ಟೇ ದಾಖಲೆ ಕೂಡಿಸಿದವರೂ ಮುಖ್ಯ. ಮತ್ತೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದರೆ ಅದರಲ್ಲಿರುವ ಮಾಹಿತಿ ಮೇಲ್ನೋಟಕ್ಕಾದರೂ ಸರಿಯಿದೆಯಾ ಅಂತ ಮೊದಲು ನೋಡಿ, ಅಂತ 2010ರಲ್ಲಿ ಸುಪ್ರೀಂ ಕೋರ್ಟೇ ಹೈಕೋರ್ಟುಗಳಿಗೆ ಹೇಳಿದೆ. ಸುಮ್ನೆ ಸಿಟ್ಟಿನಲ್ಲಿ ಬರೆದುಕೊಂಡು ಧಾರವಾಡ ಪೀಠಕ್ಕೆ ಹೋದರೆ ಅರ್ಜಿ ನಿಲ್ಲೋದಿಲ್ಲ.

ಆದರೂ ನಿಮ್ಮ ಪುಕ್ಕಟೆ ದುಡಿಮೆಯ ಮಾತನ್ನು ನಾನು ತಳ್ಳಿಹಾಕೋದಿಲ್ಲ. ಉಚಿತ ಆಗಬೇಕಾದದ್ದು ಆ ಕುಟುಂಬಕ್ಕೆ. ಕಾಲೇಜು ಮಾತ್ರ ಬೆಲೆ ತೆರಲೇಬೇಕು: ಮೇಷ್ಟ್ರ ಸಮಯ, ಮಕ್ಕಳಿಗೆ ಅಂಕ, ಬರೆದದ್ದನ್ನು ತಿದ್ದಲು ಒಬ್ಬ ಅನುಭವಿ ವಕೀಲರು. ತಿದ್ದುವವರೇ ಇಲ್ಲದ ಸಂಶೋಧನೆ ಅಪಾಯ, ಯಾಕಂದ್ರೆ ತಪ್ಪು ಟಿಪ್ಪಣಿ ನಂಬಿ ಕೆಡುವುದು ಬಡವರ ಕೇಸು. ಇನ್ನೊಂದು ಮಾತು, ಕಕ್ಷಿದಾರರ ಆಧಾರ್, ಆಸ್ಪತ್ರೆ ಕಾಗದ ಇವನ್ನೆಲ್ಲ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಾಳಿ ನಿಲ್ಲಲೇಬೇಕು.

ಹಾಂ, ಮಹಿಳೆಯರು, ಪರಿಶಿಷ್ಟರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಮಗಳು ಮಾಡಿದ ಟಿಪ್ಪಣಿ ಆ ವಕೀಲರ ಕೈಗೆ ಹೋಗಬೇಕು, ಕಾಲೇಜಿನ ಕಪಾಟಿಗಲ್ಲ.

ಅವಳು ಊರಿಗೆ ಬಂದಾಗ ಎರಡೇ ಕೇಳಿ: ನೀನು ಬರೆದದ್ದನ್ನು ಯಾರು ತಿದ್ದುತ್ತಾರೆ, ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ಅವಳಿಗೇ ಗೊತ್ತಿಲ್ಲ ಅಂದರೆ ಕಾಲೇಜಿಗೊಂದು ಪತ್ರ ಬರೆಯಿರಿ. ನಕಲು ನಮಗೂ ಕಳಿಸಿ.

– ಸಂಪಾದಕ